ಗ್ರಾಫಿಕ್ ಡಿಸೈನ್ ಓದಬೇಕೇ? ಶುಲ್ಕ ಕಟ್ಟುವ ಮೊದಲು ಮಾಡಿ ನೋಡಬೇಕಾದ 12 ವಾರಗಳ ಪರೀಕ್ಷೆ

ಡಿಸೈನರ್ ಬೇಕೆಂದು ಒಂದು ಜಾಹೀರಾತು ಬಿದ್ದರೆ ಅರ್ಜಿಗಳು ನೂರರ ಲೆಕ್ಕದಲ್ಲಿ ಬರುತ್ತವೆ. ಆದರೆ ಅವನ್ನು ಕೂತು ಒಂದೊಂದಾಗಿ ತೆರೆದು ನೋಡುವವರಿಗೆ ಇನ್ನೊಂದು ಸಂಗತಿಯೂ ಗೊತ್ತು: ಬಹುಪಾಲು ಪೋರ್ಟ್‌ಫೋಲಿಯೊಗಳಲ್ಲಿ (ತಮ್ಮ ಕೆಲಸದ ಮಾದರಿಗಳ ಸಂಗ್ರಹ) ಹೆಸರು ಅಳಿಸಿದರೆ ಯಾರದು ಯಾವುದೆಂದು ಹೇಳಲಾಗದು. ಇಲ್ಲದ ಕಂಪನಿಗೊಂದು ಲೋಗೊ, ಅದನ್ನೇ ಚೀಲ, ಕಾಫಿ ಕಪ್, ವಿಸಿಟಿಂಗ್ ಕಾರ್ಡಿಗೆ ಅಂಟಿಸಿದಂತೆ ತೋರಿಸುವ ಮಾಕಪ್ ಚಿತ್ರ, ಕೊನೆಗೆ ನಾಲ್ಕಾರು ಸೋಷಿಯಲ್ ಮೀಡಿಯಾ ಪೋಸ್ಟು. ಇದೇ ಅರ್ಜಿದಾರರ ಕೈಗೆ 24 ಪುಟದ ಕಿರುಹೊತ್ತಿಗೆಯ ಹಸ್ತಪ್ರತಿ ಕೊಟ್ಟು ‘ನಾಳೆ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು’ ಎಂದರೆ ತಪ್ಪಿಲ್ಲದ ಫೈಲ್ ಕೊಡುವವರು ಬೆರಳೆಣಿಕೆಯಷ್ಟು.

ಹಾಗಾಗಿ ‘ಓದಿ’ ಅಥವಾ ‘ಓದಬೇಡಿ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಸಲಹೆ ಯಾವುದೂ ಪ್ರಯೋಜನಕ್ಕೆ ಬರುವುದಿಲ್ಲ. ಸಾಫ್ಟ್‌ವೇರ್ ಕಲಿಯುವುದಕ್ಕೆಂದು ದೊಡ್ಡ ಶುಲ್ಕ ಕಟ್ಟುವುದು ಈಗ ದಂಡ. ಅದೆಲ್ಲ ಉಚಿತವಾಗಿಯೇ ಸಿಗುತ್ತದೆ. ಅಕ್ಷರ, ಗ್ರಿಡ್ (ಪುಟದ ಅಂಶಗಳನ್ನು ಕೂರಿಸುವ ಅದೃಶ್ಯ ಚೌಕಟ್ಟು), ಮುದ್ರಣ, ಪರದೆ ಇವುಗಳ ಶಿಸ್ತನ್ನು ಹಿಡಿದು ಕಲಿಸಿ, ನಿಮ್ಮ ಕೆಲಸವನ್ನು ಮುಲಾಜಿಲ್ಲದೆ ತಿದ್ದುವವರ ಸಮಯ ಸಿಗುತ್ತದೆ ಎಂದಾದರೆ ಕಟ್ಟಬಹುದು. ನಿಮ್ಮ ಮುಂದಿರುವ ಕೋರ್ಸು ಎರಡರಲ್ಲಿ ಯಾವುದು, ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ತಿಳಿಯಲು ದಾರಿಯಿದೆ. ವಾರಕ್ಕೆ 10ರಿಂದ 12 ಗಂಟೆಯಂತೆ ಮೂರು ತಿಂಗಳು ಬೇಕು.

ನೂಕುನುಗ್ಗಲು ಎಲ್ಲಿದೆ

ವರ್ಲ್ಡ್ ಇಕನಾಮಿಕ್ ಫೋರಂ 2025ರ ಜನವರಿಯಲ್ಲಿ ಪ್ರಕಟಿಸಿದ ಉದ್ಯೋಗ ಭವಿಷ್ಯದ ವರದಿ ಗ್ರಾಫಿಕ್ ಡಿಸೈನರ್ ಹುದ್ದೆಯನ್ನು ವೇಗವಾಗಿ ಕುಗ್ಗುತ್ತಿರುವ ಕೆಲಸಗಳ ಪಟ್ಟಿಗೆ ಸೇರಿಸಿತು. ಅದೇ ವರದಿಯಲ್ಲಿ ಯುಐ ಮತ್ತು ಯುಎಕ್ಸ್ ಡಿಸೈನರ್ (ಆ್ಯಪ್, ವೆಬ್‌ಸೈಟುಗಳ ಪರದೆಯನ್ನೂ ಬಳಕೆಯ ಅನುಭವವನ್ನೂ ರೂಪಿಸುವವರು) ಹುದ್ದೆ ವೇಗವಾಗಿ ಬೆಳೆಯುತ್ತಿರುವ ಕೆಲಸಗಳ ಪಟ್ಟಿಯಲ್ಲಿದೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ 2023ರಿಂದ 2033ರವರೆಗಿನ ಹತ್ತು ವರ್ಷಕ್ಕೆ ಗ್ರಾಫಿಕ್ ಡಿಸೈನರ್‌ಗಳಿಗೆ ಅಂದಾಜು ಮಾಡಿದ ಬೆಳವಣಿಗೆ ಶೇ 2. ವೆಬ್ ಡೆವಲಪರ್ ಮತ್ತು ಡಿಜಿಟಲ್ ಡಿಸೈನರ್‌ಗಳಿಗೆ ಶೇ 8. ಎರಡೂ ಕಡೆಯ ಅಂಕಿಗಳು ತೋರಿಸುವ ದಿಕ್ಕು ಒಂದೇ. ಕೌಶಲದ ಬುಡ ಒಂದೇ ಆದರೂ ಹುದ್ದೆಯ ಹೆಸರು ಬದಲಾಗುತ್ತಿದೆ, ಹಳೆಯ ಹೆಸರಿನಡಿಯ ಕೆಲಸ ತೆಳುವಾಗುತ್ತಿದೆ.

ತೆಳುವಾಗಿರುವುದು ಯಾವ ಭಾಗ ಎಂದು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 2013ರಲ್ಲಿ ಸಿದ್ಧ ಮಾದರಿಗಳಿಂದ ಡಿಸೈನ್ ಮಾಡಿಕೊಡುವ ಕ್ಯಾನ್ವಾ ಬಂದ ಮೇಲೆ ಹಬ್ಬದ ಶುಭಾಶಯ, ರಿಯಾಯಿತಿ ಪೋಸ್ಟರ್, ಸಾದಾ ಬ್ಯಾನರುಗಳನ್ನು ಕಚೇರಿಯ ಯಾರು ಬೇಕಾದರೂ ಮಾಡಿಕೊಳ್ಳುವಂತಾಯಿತು. ಚಿತ್ರ ರಚಿಸುವ ಎಐ ಸಾಧನಗಳಾದ ಮಿಡ್‌ಜರ್ನಿ, ಡಾಲ್-ಇ 2 2022ರಲ್ಲಿ, ಅಡೋಬಿಯ ಫೈರ್‌ಫ್ಲೈ 2023ರಲ್ಲಿ ಬಂದ ಮೇಲೆ ಸ್ಟಾಕ್ ಚಿತ್ರಕ್ಕೆ ಹತ್ತಿರದ ಕೆಲಸ, ಹಿನ್ನೆಲೆ ತೆಗೆಯುವುದು, ಚಿತ್ರ ಹಿಗ್ಗಿಸುವುದು ನಿಮಿಷಗಳ ಮಾತಾದವು. ಹಿಂದೆ ಹೊಸಬರನ್ನು ಕೂರಿಸಿ ಮಾಡಿಸುತ್ತಿದ್ದುದು ಇವನ್ನೇ. ಅಂದರೆ ಹೊಡೆತ ಬಿದ್ದಿರುವುದು ಏಣಿಯ ಕೆಳಗಿನ ಮೆಟ್ಟಿಲಿಗೆ, ಕಲಿತು ಹೊರಬರುವವರೆಲ್ಲ ಕಾಲಿಡಬೇಕಾದ ಜಾಗಕ್ಕೆ.

ಇಂಥದ್ದು ಮೊದಲ ಸಲವೂ ಅಲ್ಲ. 1985ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟ ವಿವರಣೆಯ ಭಾಷೆ, ಆಪಲ್ ಲೇಸರ್‌ರೈಟರ್ ಪ್ರಿಂಟರ್, ಪೇಜ್‌ಮೇಕರ್ ಸಾಫ್ಟ್‌ವೇರ್ ಮೂರೂ ಸೇರಿ ಡೆಸ್ಕ್‌ಟಾಪ್ ಪಬ್ಲಿಷಿಂಗ್ (ಕಂಪ್ಯೂಟರಿನಲ್ಲೇ ಪುಟ ಕಟ್ಟುವುದು) ಶುರುವಾದಾಗ ಅಕ್ಷರ ಜೋಡಿಸಿ, ಕತ್ತರಿಸಿ, ಅಂಟಿಸುತ್ತಿದ್ದ ಕೈಗಳಿಗೆ ಕೆಲಸ ಇಲ್ಲವಾಗುತ್ತ ಹೋಯಿತು. ಉಳಿದದ್ದು ಪುಟ ಹೇಗಿರಬೇಕೆಂದು ತೀರ್ಮಾನಿಸುವ ಕೆಲಸ. ಈಗಲೂ ಅದೇ ಗೆರೆ ಎಳೆಯಬಹುದು: ತಪ್ಪಾದರೆ ಯಾರಿಗೂ ನಷ್ಟವಿಲ್ಲದ ಕೆಲಸ ಅಗ್ಗವಾಗುತ್ತದೆ. ತಪ್ಪಾದರೆ 50,000 ಪೆಟ್ಟಿಗೆ ಮರುಮುದ್ರಣ ಮಾಡಬೇಕಾಗಿ ಬರುವ ಕೆಲಸಕ್ಕೆ, ಪಾವತಿ ಪುಟದಲ್ಲಿ ಗ್ರಾಹಕ ದಾರಿತಪ್ಪುವ ಕೆಲಸಕ್ಕೆ ಜವಾಬ್ದಾರಿ ಹೊರುವ ಮನುಷ್ಯ ಬೇಕೇ ಬೇಕು.

ಮೊದಲ ಹೆಜ್ಜೆ: 50 ಜಾಹೀರಾತು, ಒಂದು ಕೋಷ್ಟಕ

ಕಾಲೇಜಿನ ಮಾಹಿತಿ ಪುಸ್ತಿಕೆ ಓದುವ ಮೊದಲು ಮಾರುಕಟ್ಟೆಯನ್ನೇ ಓದಿ. ನೀವು ಕೆಲಸ ಮಾಡಬಯಸುವ ಊರು ಅಥವಾ ರಿಮೋಟ್ ಎಂದು ಹಾಕಿ ಕಳೆದ 30 ದಿನಗಳ 50 ಜಾಹೀರಾತುಗಳನ್ನು ಒಂದು ಸ್ಪ್ರೆಡ್‌ಶೀಟಿಗೆ ಇಳಿಸಿ. ‘ಗ್ರಾಫಿಕ್ ಡಿಸೈನರ್’ ಎಂದಷ್ಟೇ ಹುಡುಕಿದರೆ ಅರ್ಧ ಚಿತ್ರ ಸಿಗುತ್ತದೆ. ಪ್ಯಾಕೇಜಿಂಗ್ ಡಿಸೈನರ್, ಪ್ರೊಡಕ್ಷನ್ ಆರ್ಟಿಸ್ಟ್, ಆರ್ಟ್‌ವರ್ಕರ್, ಪ್ರಿಪ್ರೆಸ್ (ಮುದ್ರಣಕ್ಕೆ ಮೊದಲು ಫೈಲ್ ಸಿದ್ಧಪಡಿಸುವ ಕೆಲಸ), ಪ್ರೆಸೆಂಟೇಷನ್ ಡಿಸೈನರ್, ಮೋಷನ್ (ಚಲಿಸುವ ಗ್ರಾಫಿಕ್ಸ್) ಡಿಸೈನರ್, ಯುಐ ಡಿಸೈನರ್, ಮಾರ್ಕೆಟಿಂಗ್ ಡಿಸೈನರ್ ಇವನ್ನೂ ಹುಡುಕಿ.

ಕಾಲಂಗಳು ಹೀಗಿರಲಿ: ಹುದ್ದೆಯ ಹೆಸರು, ಕೇಳಿದ ಅನುಭವ, ವೇತನ, ಪದವಿ ಕಡ್ಡಾಯವೇ, ಕೇಳಿದ ಸಾಫ್ಟ್‌ವೇರ್, ಕೇಳಿದ ಇತರ ಕೌಶಲ, ಅರ್ಜಿಗಳ ಸಂಖ್ಯೆ ಕಾಣುತ್ತಿದ್ದರೆ ಅದು. ಮುಗಿದ ಮೇಲೆ ಮೂರು ಲೆಕ್ಕ ತೆಗೆಯಿರಿ.

ಒಂದು, 0ದಿಂದ 2 ವರ್ಷದ ಅನುಭವಕ್ಕೆ ತೆರೆದಿರುವ ಹುದ್ದೆ 50ರಲ್ಲಿ ಎಷ್ಟು? 10ಕ್ಕಿಂತ ಕಡಿಮೆಯಿದ್ದರೆ ಆ ಊರಿನಲ್ಲಿ ಪದವಿ ಮುಗಿಸಿದ ತಕ್ಷಣ ಕೆಲಸ ಎಂಬ ಲೆಕ್ಕಾಚಾರ ಬಿಡಿ. ಇಂಟರ್ನ್‌ಶಿಪ್ ಇಲ್ಲದ ಕೋರ್ಸು ನಿಮಗೆ ಉಪಯೋಗವಿಲ್ಲ. ಎರಡು, ಪದವಿ ಕಡ್ಡಾಯ ಎಂದವರು ಎಷ್ಟು? ‘ಪದವಿ ಅಥವಾ ಸಮಾನ ಅನುಭವ’ ಎಂದು ಬರೆದಿದ್ದರೆ ಅದನ್ನು ಕಡ್ಡಾಯದ ಲೆಕ್ಕಕ್ಕೆ ಸೇರಿಸಬೇಡಿ. ಮೂರು, ವೇತನಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಟ್ಟನಡುವಿನದನ್ನು ಗುರುತಿಸಿ. ಸರಾಸರಿ ತೆಗೆಯಬೇಡಿ, ಒಂದೆರಡು ದೊಡ್ಡ ಸಂಬಳ ಇಡೀ ಲೆಕ್ಕವನ್ನು ಮೇಲೆತ್ತಿಬಿಡುತ್ತವೆ. ಈ ನಡುವಿನ ಅಂಕಿ ಮುಂದೆ ಬೇಕಾಗುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ಡಿಸೈನು, ವಿಡಿಯೊ, ಕಾಪಿ ಬರಹ, ಜಾಹೀರಾತು ನಿರ್ವಹಣೆ ಎಲ್ಲ ಒಬ್ಬರಿಂದಲೇ ಬಯಸುವ ಜಾಹೀರಾತುಗಳನ್ನು ಕಂಡು ‘ಎಲ್ಲವನ್ನೂ ಕಲಿಯಬೇಕು’ ಎಂದು ಹೊರಡುವುದು. ಎರಡನೇ ಕೌಶಲ ಒಂದು ಸಾಕು. ಕೋಷ್ಟಕದಲ್ಲಿ ಅತಿ ಹೆಚ್ಚು ಸಲ ಡಿಸೈನಿನ ಜೊತೆಜೊತೆಗೇ ಬಂದದ್ದು ಯಾವುದೋ ಅದು.

12 ವಾರಗಳ ಪರೀಕ್ಷೆ

ಸಾಧನಗಳಿಗೆ ಖರ್ಚು ಬೇಡ. ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಕೆಡದ ರೇಖಾರೂಪದ ಚಿತ್ರ) ಕೆಲಸಕ್ಕೆ ಇಂಕ್‌ಸ್ಕೇಪ್, ಫೋಟೊಗೆ ಗಿಂಪ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್, ಪರದೆಗೆ ಪೆನ್‌ಪಾಟ್ ಅಥವಾ ಫಿಗ್ಮಾದ ಉಚಿತ ಖಾತೆ. ಉದ್ಯಮದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇಲ್ಲಸ್ಟ್ರೇಟರ್, ಫೋಟೊಶಾಪ್, ಇನ್‌ಡಿಸೈನ್ ನಿಜ. ಆದರೆ ಸ್ಕ್ರೈಬಸ್‌ನಲ್ಲಿ ಮಾಸ್ಟರ್ ಪುಟ (ಎಲ್ಲ ಪುಟಗಳಿಗೂ ಅನ್ವಯಿಸುವ ಮಾದರಿ ಪುಟ), ಸ್ಟೈಲ್ (ಉಳಿಸಿಟ್ಟ ಅಕ್ಷರ ವಿನ್ಯಾಸ), ಬ್ಲೀಡ್ (ಕತ್ತರಿಸುವ ಗೆರೆಯಾಚೆಗೆ ಬಿಡುವ ಹೆಚ್ಚುವರಿ ಅಂಚು) ಅರ್ಥವಾದವರಿಗೆ ಇನ್‌ಡಿಸೈನ್‌ಗೆ ಹೋಗಲು ವಾರ ಸಾಕು. ಫಾಂಟುಗಳಿಗೆ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿ ಇರುವುದನ್ನೇ ಬಳಸಿ. ಅದನ್ನು ವಾಣಿಜ್ಯ ಕೆಲಸಕ್ಕೂ ಉಚಿತವಾಗಿ ಬಳಸಬಹುದು.

1ರಿಂದ 3ನೇ ವಾರ, ಅಕ್ಷರ ಮಾತ್ರ. ಚಿತ್ರವಿಲ್ಲ, ಬಣ್ಣವಿಲ್ಲ. ಒಂದೇ ಫಾಂಟ್ ಕುಟುಂಬ, ಎರಡೇ ತೂಕ (ಅಕ್ಷರದ ದಪ್ಪ). ಸುಮಾರು 600 ಪದಗಳ ಒಂದು ಲೇಖನವನ್ನು ಎ4 ಪುಟದಲ್ಲಿ ಐದು ಬೇರೆ ಬೇರೆ ಗ್ರಿಡ್‌ಗಳಲ್ಲಿ ಕೂರಿಸಿ. ಲ್ಯಾಟಿನ್ ಲಿಪಿಯಾದರೆ ಒಂದು ಸಾಲಿಗೆ 45ರಿಂದ 75 ಅಕ್ಷರ, ಸಾಲಿನ ಅಂತರ ಅಕ್ಷರ ಗಾತ್ರದ ಶೇ 120ರಿಂದ 145. ಕನ್ನಡದಂಥ ಲಿಪಿಗೆ ಇದು ಸಾಲದು. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಎರಡೂ ಇರುವುದರಿಂದ ಶೇ 150ರ ಆಸುಪಾಸಿನಿಂದ ಶುರುಮಾಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಹೊಂದಿಸಿ.

ಆಮೇಲೆ ಒಂದು ಬಸ್ ವೇಳಾಪಟ್ಟಿಯನ್ನೋ ಅರ್ಜಿ ನಮೂನೆಯನ್ನೋ ತೆಗೆದುಕೊಂಡು ಮರುವಿನ್ಯಾಸ ಮಾಡಿ. ಇದು ಬೇಸರದ ಕೆಲಸ, ಅದಕ್ಕೇ ಇಲ್ಲಿದೆ. ಎಡ ಅಂಚು ಒಂದು ಮಿಲಿಮೀಟರ್ ತಪ್ಪಿದ್ದು ನಿಮ್ಮ ಕಣ್ಣಿಗೆ ತಾನಾಗಿ ಚುಚ್ಚತೊಡಗಿದೆಯೇ? ಮೂರನೇ ವಾರದ ಕೊನೆಗೂ ಚುಚ್ಚದಿದ್ದರೆ, ಅಥವಾ ಚುಚ್ಚಿದರೂ ‘ಯಾರು ನೋಡುತ್ತಾರೆ’ ಎನಿಸಿದರೆ, ಅದು ಗಂಭೀರ ಸೂಚನೆ. ಚಿತ್ರ ಬರೆಯಲು ಬಾರದಿರುವುದು ಈ ವೃತ್ತಿಗೆ ಅಡ್ಡಿಯಲ್ಲ, ಆದರೆ ಈ ಕಿರಿಕಿರಿ ಇಲ್ಲದಿರುವುದು ಅಡ್ಡಿ.

4 ಮತ್ತು 5ನೇ ವಾರ, ಗುರುತು. ಒಂದು ಲೋಗೊ. ಮೊದಲು ಕಾಗದದ ಮೇಲೆ 40 ಚಿಕ್ಕ ರೇಖಾಚಿತ್ರ, ಅದರಲ್ಲಿ 3 ಆಯ್ದು ವೆಕ್ಟರ್, ಕೊನೆಗೆ ಒಂದು. ಪರೀಕ್ಷೆ ಮೂರು: 16 ಪಿಕ್ಸೆಲ್ ಅಗಲದಲ್ಲಿ ಗುರುತು ಸಿಗುತ್ತದೆಯೇ, ಒಂದೇ ಬಣ್ಣದಲ್ಲಿ ನಿಲ್ಲುತ್ತದೆಯೇ, ಗಾಢ ಹಿನ್ನೆಲೆಯ ಮೇಲೆ ಬಿಳಿಯಾಗಿ ಬದುಕುತ್ತದೆಯೇ. ಗ್ರೇಡಿಯೆಂಟ್ (ಒಂದು ಬಣ್ಣ ಇನ್ನೊಂದಕ್ಕೆ ಕರಗುವ ಪರಿಣಾಮ) ತೆಗೆದ ಕೂಡಲೇ ಕುಸಿಯುವ ಲೋಗೊ ಲೋಗೊ ಅಲ್ಲ, ಚಿತ್ರ.

6ರಿಂದ 8ನೇ ವಾರ, ಮುದ್ರಣ. ಹೊಸಬರ ಗುಂಪಿನಿಂದ ಬೇರೆಯಾಗಿ ಕಾಣಿಸಿಕೊಳ್ಳಲು ಅತಿ ಅಗ್ಗದ ದಾರಿ ಇದೇ ಆಗಿರುವುದರಿಂದ ಇಲ್ಲಿ ಸಮಯ ಧಾರಾಳವಾಗಿ ಕೊಡಿ. ಎರಡು ಕೆಲಸ: 8 ಪುಟದ ಎ5 ಕಿರುಹೊತ್ತಿಗೆ, ಮತ್ತು ಎ4 ಹಾಳೆಯನ್ನು ಮೂರು ಮಡಿಕೆ ಮಾಡಿದ ಕರಪತ್ರ. ಎರಡನ್ನೂ ಹತ್ತಿರದ ಮುದ್ರಣಾಲಯದಲ್ಲಿ ಕೆಲವೇ ಪ್ರತಿ ಮುದ್ರಿಸಿ ಕೈಯಲ್ಲಿ ಹಿಡಿದು ನೋಡಿ. ಪರದೆಯ ಮೇಲೆ ಮುಗಿಸಿದರೆ ಈ ಮೂರು ವಾರ ವ್ಯರ್ಥ.

ಎ5 ಪುಟದ ಅಳತೆ 148 × 210 ಮಿ.ಮೀ. ಸುತ್ತ 3 ಮಿ.ಮೀ. ಬ್ಲೀಡ್ ಸೇರಿದರೆ 154 × 216. ಕತ್ತರಿಸುವ ಬ್ಲೇಡು ಒಂದು ಕೂದಲಷ್ಟು ಸರಿದರೂ ಬಿಳಿ ಅಂಚು ಕಾಣದಿರಲಿ ಎಂದು ಈ ಹೆಚ್ಚುವರಿ. ಅದೇ ಕಾರಣಕ್ಕೆ ಅಕ್ಷರಗಳು ಕತ್ತರಿಸುವ ಗೆರೆಯಿಂದ ಕನಿಷ್ಠ 5 ಮಿ.ಮೀ. ಒಳಗಿರಲಿ. ಪುಟ ತುಂಬುವ ಫೋಟೊ 300 ಪಿಪಿಐನಲ್ಲಿ (ಪ್ರತಿ ಇಂಚಿಗೆ ಪಿಕ್ಸೆಲ್) ಇರಬೇಕೆಂದರೆ 1819 × 2551 ಪಿಕ್ಸೆಲ್ ಬೇಕು. 1080 ಪಿಕ್ಸೆಲ್ ಅಗಲದ ಚಿತ್ರ 300 ಪಿಪಿಐನಲ್ಲಿ ಬರೀ 9.1 ಸೆಂ.ಮೀ. ಬರುತ್ತದೆ. ಫೈಲಿನ ಪಿಪಿಐ ಸಂಖ್ಯೆಯನ್ನು 72ರಿಂದ 300ಕ್ಕೆ ತಿದ್ದಿದರೆ ಚಿತ್ರ ಸ್ಪಷ್ಟವಾಗುವುದಿಲ್ಲ. ಈ ಭ್ರಮೆ ಆಶ್ಚರ್ಯಪಡುವಷ್ಟು ಜನರಲ್ಲಿದೆ.

ನಡುವೆ ಪಿನ್ ಹಾಕುವ ಹೊತ್ತಿಗೆಯ ಪುಟಸಂಖ್ಯೆ ನಾಲ್ಕರ ಗುಣಕವಾಗಿರಲೇಬೇಕು. ಮೂರು ಮಡಿಕೆಯ ಕರಪತ್ರದಲ್ಲಿ 297 ಮಿ.ಮೀ. ಅನ್ನು 99ರಂತೆ ಸಮನಾಗಿ ಭಾಗಿಸಿದರೆ ಒಳಗೆ ಮಡಚುವ ಪಟ್ಟಿ ಉಬ್ಬಿ ಸುಕ್ಕಾಗುತ್ತದೆ. 100, 100, 97 ಎಂದು ಇಡಿ, 97ರದ್ದು ಒಳಗೆ ಹೋಗುವ ಪಟ್ಟಿ. ಹಾಳೆಯ ಹಿಂಬದಿಯಲ್ಲಿ ಕ್ರಮ ತಿರುವುಮುರುವಾಗುತ್ತದೆ ಎಂಬುದನ್ನು ಮರೆತರೆ ಒಂದು ಬದಿ ಸರಿ, ಇನ್ನೊಂದು ಬದಿಯ ಮಡಿಕೆ ಅಕ್ಷರದ ಮೇಲೆ.

ಶಾಯಿಯ ಲೆಕ್ಕ ಇನ್ನೂ ಮುಖ್ಯ. ಸಣ್ಣ ಕಪ್ಪು ಅಕ್ಷರಗಳು ನಾಲ್ಕು ಬಣ್ಣದ ಮಿಶ್ರಣವಾಗಬಾರದು, ಕಪ್ಪು ಶಾಯಿ ಮಾತ್ರ ಶೇ 100 ಇರಬೇಕು. ಆರ್‌ಜಿಬಿ (ಪರದೆಯ ಬಣ್ಣಪದ್ಧತಿ) ಕಪ್ಪನ್ನು ಹಾಗೇ ಸಿಎಂವೈಕೆಗೆ (ಮುದ್ರಣದ ನಾಲ್ಕು ಶಾಯಿಯ ಪದ್ಧತಿ) ಬದಲಿಸಿದರೆ ನಾಲ್ಕೂ ಶಾಯಿ ಸೇರಿಕೊಳ್ಳುತ್ತವೆ; ಪ್ಲೇಟುಗಳು ಸ್ವಲ್ಪ ಸರಿದರೂ ಪ್ರತಿ ಅಕ್ಷರಕ್ಕೆ ಬಣ್ಣದ ನೆರಳು. ದೊಡ್ಡ ಕಪ್ಪು ಹಿನ್ನೆಲೆಗೆ ಮಾತ್ರ ಬೇರೆ ಸೂತ್ರ: ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100. ಒಟ್ಟು ಶೇ 240. ಕೋಟೆಡ್ (ಲೇಪನವಿರುವ ನಯವಾದ) ಕಾಗದ ಸಾಮಾನ್ಯವಾಗಿ ಶೇ 300ರವರೆಗೆ ತಾಳುತ್ತದೆ, ನ್ಯೂಸ್‌ಪ್ರಿಂಟ್ 240ರ ಸುತ್ತ. ಮೀರಿದರೆ ಶಾಯಿ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಇನ್ನೊಂದು, ಬಿಳಿ ಅಕ್ಷರಕ್ಕೆ ಅಪ್ಪಿತಪ್ಪಿ ಓವರ್‌ಪ್ರಿಂಟ್ (ಕೆಳಗಿನ ಬಣ್ಣ ತೆಗೆಯದೆ ಅದರ ಮೇಲೇ ಮುದ್ರಿಸುವ ಆಯ್ಕೆ) ಹಾಕಿದ್ದರೆ ಸಾಮಾನ್ಯ ನೋಟದಲ್ಲಿ ಅದು ಕಾಣುತ್ತದೆ, ಮುದ್ರಣದಲ್ಲಿ ಮಾಯ. ಓವರ್‌ಪ್ರಿಂಟ್ ಪ್ರಿವ್ಯೂ ಹಾಕಿ ನೋಡದೆ ಫೈಲ್ ಕಳಿಸಬೇಡಿ. ಕೊನೆಗೆ ಫೈಲನ್ನು ಮುದ್ರಣಕ್ಕೆಂದೇ ಇರುವ ಪಿಡಿಎಫ್/ಎಕ್ಸ್-4 ರೂಪದಲ್ಲಿ, ಅಥವಾ ಹಳೆಯ ಯಂತ್ರವಾದರೆ ಪಿಡಿಎಫ್/ಎಕ್ಸ್-1ಎ ರೂಪದಲ್ಲಿ ಉಳಿಸಿ. ಯಾವುದು ಬೇಕೆಂದು ಮುದ್ರಕರನ್ನೇ ಕೇಳಿ. ಆ ಪ್ರಶ್ನೆಯಿಂದಲೇ ಅವರು ನಿಮ್ಮನ್ನು ಅಳೆಯುತ್ತಾರೆ.

9 ಮತ್ತು 10ನೇ ವಾರ, ಪರದೆ. ಅದೇ ಕಿರುಹೊತ್ತಿಗೆಯ ವಿಷಯವನ್ನು 360 ಪಿಕ್ಸೆಲ್ ಅಗಲದ ಫೋನಿಗೂ 1440ರ ಕಂಪ್ಯೂಟರಿಗೂ ಹೊಂದಿಸಿ. ವೆಬ್ ಸುಗಮ್ಯತೆಯ (ಅಂಗವೈಕಲ್ಯ ಇರುವವರೂ ಬಳಸುವಂತಿರುವುದು) ಡಬ್ಲ್ಯುಸಿಎಜಿ ಮಾನದಂಡದ ಎಎ ಮಟ್ಟದ ಪ್ರಕಾರ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸದ ಅನುಪಾತ) ಕನಿಷ್ಠ 4.5:1 ಇರಬೇಕು, 24 ಪಿಕ್ಸೆಲ್ ಅಥವಾ ಅದಕ್ಕಿಂತ ದೊಡ್ಡದಕ್ಕೆ 3:1 ಸಾಕು. ಡಿಸೈನರ್‌ಗಳಿಗೆ ಬಲು ಪ್ರಿಯವಾದ ತಿಳಿಬೂದು ಇಲ್ಲೇ ಬೀಳುತ್ತದೆ: ಬಿಳಿಯ ಮೇಲೆ 777777 ಎಂಬ ಹೆಕ್ಸ್ ಬಣ್ಣಸಂಕೇತದ ಬೂದು 4.48ಕ್ಕೆ ನಿಂತು ಅನುತ್ತೀರ್ಣ, ಕಣ್ಣಿಗೆ ವ್ಯತ್ಯಾಸವೇ ತಿಳಿಯದ 767676 ಬೂದು 4.54ಕ್ಕೆ ಉತ್ತೀರ್ಣ. ಒತ್ತುವ ಗುಂಡಿಗಳ ಅಳತೆ ಕನಿಷ್ಠ 24 × 24 ಪಿಕ್ಸೆಲ್ ಎಂದು 2023ರ ಡಬ್ಲ್ಯುಸಿಎಜಿ 2.2 ಹೇಳುತ್ತದೆ, ಆಪಲ್ ಶಿಫಾರಸು 44 ಪಾಯಿಂಟ್. ದೊಡ್ಡದನ್ನೇ ಹಿಡಿಯಿರಿ. ತಪ್ಪು-ಸರಿ ತೋರಿಸಲು ಕೆಂಪು-ಹಸಿರು ಮಾತ್ರ ಬಳಸಿದ್ದರೆ ಪಕ್ಕದಲ್ಲಿ ಚಿಹ್ನೆ ಅಥವಾ ಪದ ಸೇರಿಸಿ.

11 ಮತ್ತು 12ನೇ ವಾರ, ನಿಜವಾದ ಗಿರಾಕಿ. ಗ್ರಂಥಾಲಯ, ಸಂಘ, ಸಣ್ಣ ಅಂಗಡಿ, ಯಾರಾದರೂ ಸರಿ. ಒಂದು ಸಣ್ಣ ಕೆಲಸ, ಲಿಖಿತ ಒಪ್ಪಂದ, ಎರಡೇ ಸುತ್ತಿನ ತಿದ್ದುಪಡಿ. ಇಲ್ಲಿ ಅಳೆಯಬೇಕಾದದ್ದು ನಿಮ್ಮ ಸಹನೆಯನ್ನು. ‘ಲೋಗೊ ದೊಡ್ಡದು ಮಾಡಿ, ಈ ಹತ್ತು ಸಾಲನ್ನೂ ಸೇರಿಸಿ’ ಎಂದಾಗ ಜಗಳವಾಡದೆ, ಹೂಂಗುಟ್ಟಿ ಕೆಡಿಸದೆ, ಅವರಿಗೆ ನಿಜಕ್ಕೂ ಏನು ಬೇಕಿದೆ ಎಂದು ಕೇಳಿ ತಿಳಿಯಲು ಆಗುತ್ತದೆಯೇ? ವೃತ್ತಿಯಲ್ಲಿ ದಿನದ ಅರ್ಧ ಹೊತ್ತು ಹೋಗುವುದು ಇಂಥ ಮಾತುಕತೆಗೆ, ಫೈಲ್ ಜೋಡಿಸುವುದಕ್ಕೆ, ತಿದ್ದುವುದಕ್ಕೆ. ಅದು ಅಸಹ್ಯವೆನಿಸಿದರೆ ಡಿಸೈನನ್ನು ಹವ್ಯಾಸವಾಗಿ ಉಳಿಸಿಕೊಳ್ಳುವುದು ಗೌರವದ ತೀರ್ಮಾನವೇ.

ಪೈಪೋಟಿ ಕಡಿಮೆ ಇರುವ ಮೂಲೆಗಳು

ಪ್ಯಾಕೇಜಿಂಗ್ ಅವುಗಳಲ್ಲಿ ಮೊದಲನೆಯದು. ಡೈಲೈನ್ (ಪೆಟ್ಟಿಗೆಯ ಕತ್ತರಿಸುವ, ಮಡಚುವ ಗೆರೆಗಳ ನಕ್ಷೆ) ಓದಲು ಬರಬೇಕು, ಅಂಟು ಹಚ್ಚುವ ಪಟ್ಟಿಯಲ್ಲಿ ಶಾಯಿ ಇರಬಾರದೆಂದು ಗೊತ್ತಿರಬೇಕು, ಕಡ್ಡಾಯ ಮಾಹಿತಿಯ ಕನಿಷ್ಠ ಅಕ್ಷರ ಗಾತ್ರದ ನಿಯಮ ಪಾಲಿಸಬೇಕು. ಬಾರ್‌ಕೋಡ್ ಒಂದನ್ನೇ ನೋಡಿ: ಅಂಗಡಿ ಸರಕಿನ ಮೇಲಿರುವ 13 ಅಂಕಿಯ ಇಎಎನ್-13 ಬಾರ್‌ಕೋಡಿನ ಮೂಲ ಅಳತೆ 37.29 × 25.93 ಮಿ.ಮೀ., ಶೇ 80ರಿಂದ 200ರವರೆಗೆ ಕುಗ್ಗಿಸಿ ಹಿಗ್ಗಿಸಬಹುದು. ಎಡಬಲದ ಖಾಲಿ ಜಾಗ ಅದರ ಅಂಗವೇ. ‘ಸುಮ್ಮನೆ ಬಿಳಿ ಜಾಗ’ ಎಂದು ಕತ್ತರಿಸಿದರೆ ಸ್ಕ್ಯಾನರ್ ಓದದು. ಕೆಂಪು ಪಟ್ಟಿಗಳೂ ಓದವು, ಏಕೆಂದರೆ ಹೆಚ್ಚಿನ ಲೇಸರ್ ಸ್ಕ್ಯಾನರುಗಳ ಬೆಳಕು ಕೆಂಪು, ಅದಕ್ಕೆ ಕೆಂಪೂ ಬಿಳಿಯೂ ಒಂದೇ. ಇಂಥ ಹತ್ತು ಸಂಗತಿ ಬಲ್ಲ ಹೊಸಬರು ಕಾಣಸಿಗುವುದು ಅಪರೂಪ.

ಬಹುಲಿಪಿ ವಿನ್ಯಾಸವೂ ಹಾಗೆಯೇ. ಇನ್‌ಡಿಸೈನ್‌ನಲ್ಲಿ ಇಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆಯನ್ನು ಆರಿಸದೆ ಕನ್ನಡ ಪಠ್ಯ ಹಾಕಿದರೆ ಒತ್ತಕ್ಷರ ಒಡೆದು ಅರ್ಕಾವತ್ತು ಚೆಲ್ಲಾಪಿಲ್ಲಿಯಾಗುತ್ತದೆ. ಭಾಷೆ ಬಾರದ ಡಿಸೈನರ್‌ಗೆ ಅದು ತಪ್ಪೆಂದೂ ತಿಳಿಯದು. ಹಳೆಯ ಯೂನಿಕೋಡ್ ಅಲ್ಲದ ಫಾಂಟಿನ ಕಡತಗಳನ್ನು ಪರಿವರ್ತಿಸಿದ ಮೇಲೆ ಉಳಿಯುವ ದೋಷ ಹಿಡಿಯುವುದು, ಎರಡು ಲಿಪಿಗಳ ಗಾತ್ರವನ್ನು ಕಣ್ಣಿಗೆ ಸಮವೆನಿಸುವಂತೆ ಹೊಂದಿಸುವುದು ಇವೆಲ್ಲ ಕೌಶಲವೇ, ಸಿವಿಯಲ್ಲಿ ಬರೆಯಬೇಕಾದದ್ದೇ. ವಾರ್ಷಿಕ ವರದಿ, ಕೋಷ್ಟಕ, ನಕ್ಷೆಗಳ ವಿನ್ಯಾಸ, ಕಂಪನಿಗಳ ಪ್ರೆಸೆಂಟೇಷನ್, ಸುಗಮ್ಯ ಪಿಡಿಎಫ್ ತಯಾರಿ ಇವಕ್ಕೂ ಆಕರ್ಷಣೆ ಕಡಿಮೆ, ಹಾಗಾಗಿ ಸಾಲೂ ಚಿಕ್ಕದು. ಮೋಷನ್ ಮತ್ತು ಯುಐಗೆ ಬೇಡಿಕೆ ಹೆಚ್ಚು, ಅಲ್ಲಿಗೆ ನುಗ್ಗುತ್ತಿರುವವರೂ ಹೆಚ್ಚು.

ಕೋರ್ಸಿನ ಲೆಕ್ಕ

ಶುಲ್ಕ, ಕಂಪ್ಯೂಟರ್, ವಸತಿ, ಅದರ ಜೊತೆಗೆ ಓದುವ ಅವಧಿಯಲ್ಲಿ ದುಡಿಯದೆ ಬಿಟ್ಟ ಆದಾಯ, ಎಲ್ಲವನ್ನೂ ಕೂಡಿಸಿ. ಆಗಲೇ ಕೋಷ್ಟಕದಲ್ಲಿ ಗುರುತಿಸಿದ ನಡುವಿನ ವೇತನದಿಂದ, ಓದದಿದ್ದರೂ ನಿಮಗೆ ಸಿಗಬಹುದಾದ ವೇತನವನ್ನು ಕಳೆಯಿರಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ ಹಾಕಿದ್ದು ಹಿಂದಿರುಗಲು ಬೇಕಾದ ತಿಂಗಳುಗಳು. ಒಟ್ಟು ವೆಚ್ಚ ನಿಮ್ಮ 20 ತಿಂಗಳ ಆದಾಯದಷ್ಟಿದ್ದು, ಓದಿನಿಂದ ತಿಂಗಳ ಆದಾಯ ಕಾಲುಭಾಗ ಮಾತ್ರ ಏರುವುದಾದರೆ 80 ತಿಂಗಳು, ಅಂದರೆ ಆರೂವರೆ ವರ್ಷಕ್ಕೂ ಹೆಚ್ಚು. 36 ತಿಂಗಳು ದಾಟಿದರೆ ಸಾಲ ಮಾಡಿ ಓದಬೇಡಿ ಎನ್ನುವುದು ನಮ್ಮ ಕಡ್ಡಿಮುರಿದ ಅಭಿಪ್ರಾಯ. ಪದವಿಯೇ ಬೇಕೆಂದಿದ್ದರೆ ಕಡಿಮೆ ಖರ್ಚಿನ ಸರ್ಕಾರಿ ಸಂಸ್ಥೆಗಳ ಪ್ರವೇಶ ಪರೀಕ್ಷೆಗೆ ಒಂದು ವರ್ಷ ತಯಾರಿ ಮಾಡುವುದು ಲೇಸು.

ಸಂಸ್ಥೆಗೆ ಹೋದಾಗ ಕಟ್ಟಡ, ಲ್ಯಾಬು ನೋಡುತ್ತ ನಿಲ್ಲಬೇಡಿ. ಕೇಳಬೇಕಾದದ್ದು ಇವು. ವಾರಕ್ಕೆ ಎಷ್ಟು ಗಂಟೆ ವಿಮರ್ಶೆ, ತರಗತಿಯಲ್ಲಿ ಎಷ್ಟು ಜನ? 30 ಜನರಿಗೆ ಎರಡು ಗಂಟೆಯಾದರೆ ನಿಮ್ಮ ಪಾಲು ನಾಲ್ಕು ನಿಮಿಷ. 12 ಜನರಿಗೆ ಮೂರು ಗಂಟೆಯಾದರೆ ಕಾಲು ಗಂಟೆ. ಕೋರ್ಸಿನ ನಿಜವಾದ ಬೆಲೆ ಇರುವುದು ಆ ಕಾಲು ಗಂಟೆಯಲ್ಲಿ. ಟೈಪೋಗ್ರಫಿ (ಅಕ್ಷರ ವಿನ್ಯಾಸ) ಎಷ್ಟು ಸೆಮಿಸ್ಟರ್? ಒಂದೇ ಆಗಿದ್ದರೆ ಅನುಮಾನಿಸಿ. ಕಳೆದ ವರ್ಷ ಮುಗಿಸಿದ ಎಲ್ಲ ವಿದ್ಯಾರ್ಥಿಗಳ ಕೆಲಸ ತೋರಿಸುತ್ತೀರಾ? ಗೋಡೆಗೆ ಹಾಕಿರುವ ಐವರದ್ದು ಬೇಡ, ನಡುಮಟ್ಟದ ವಿದ್ಯಾರ್ಥಿಯ ಕೆಲಸ ನೋಡಬೇಕು, ಏಕೆಂದರೆ ನೀವು ಅಲ್ಲಿಗೇ ತಲುಪುವ ಸಾಧ್ಯತೆ ಹೆಚ್ಚು. ‘ಶೇ 95 ಪ್ಲೇಸ್‌ಮೆಂಟ್’ ಎಂದರೆ ಯಾರಲ್ಲಿ ಶೇ 95? ಸೇರಿದವರಲ್ಲೋ, ಮುಗಿಸಿದವರಲ್ಲೋ, ‘ಅರ್ಹರು’ ಎಂದು ಅವರೇ ಆರಿಸಿದವರಲ್ಲೋ? ಕೆಲಸ ಎಂದರೆ ಡಿಸೈನ್ ಕೆಲಸವೋ, ಯಾವುದೋ ಒಂದು ಕೆಲಸವೋ? ಉತ್ತರ ತಡವರಿಸಿದರೆ ಮುಂಗಡ ಕಟ್ಟದೆ ಎದ್ದು ಬನ್ನಿ.

ಆರು ತಿಂಗಳ ಸಾಫ್ಟ್‌ವೇರ್ ಡಿಪ್ಲೊಮಾಗಳ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಮೇಲಿನ 12 ವಾರ ಮುಗಿಸಿದವರಿಗೆ ಅವು ಬೇಕಾಗುವುದಿಲ್ಲ.

ಎಐ ಇರುವಾಗ ಏನನ್ನು ಕಲಿಯಬೇಕು

ಬಳಸಲು ಕಲಿಯಿರಿ: ಮೂಡ್‌ಬೋರ್ಡ್ (ಶೈಲಿ ಸೂಚಿಸುವ ಚಿತ್ರ-ಬಣ್ಣಗಳ ಸಂಗ್ರಹ), ಹಿನ್ನೆಲೆ ವಿಸ್ತರಣೆ, ಹತ್ತು ಅಳತೆಯ ಬ್ಯಾನರಿಗೆ ಹೊಂದಿಸುವುದು, ಸ್ಕ್ರಿಪ್ಟ್ ಬರೆಸಿ ಫೈಲುಗಳ ಹೆಸರು ಬದಲಿಸುವುದು. ಆದರೆ ಪೋರ್ಟ್‌ಫೋಲಿಯೊವನ್ನು ಅದರಿಂದ ತುಂಬಬೇಡಿ. ಸಂದರ್ಶನದಲ್ಲಿ ‘ಈ ಅಂಶವನ್ನು ಎಡಕ್ಕೆ ಏಕೆ ಇಟ್ಟಿರಿ’ ಎಂಬ ಸರಳ ಪ್ರಶ್ನೆಗೆ ಉತ್ತರವಿರುವುದಿಲ್ಲ. ಹಕ್ಕಿನ ತೊಡಕೂ ಇದೆ. ಬರೀ ಪ್ರಾಂಪ್ಟ್ ಕೊಟ್ಟು ಪಡೆದ ಚಿತ್ರಕ್ಕೆ ಕಾಪಿರೈಟ್ ಸಿಗದು ಎಂದು ಅಮೆರಿಕದ ಕಾಪಿರೈಟ್ ಕಚೇರಿ 2025ರ ಜನವರಿಯ ವರದಿಯಲ್ಲಿ ಸ್ಪಷ್ಟಪಡಿಸಿದೆ. ಬೇರೆ ದೇಶಗಳ ಕಾನೂನು ಬೇರೆ ಇರಬಹುದು. ಆದರೂ ಗಿರಾಕಿಗೆ ಸಂಪೂರ್ಣ ಹಕ್ಕು ಬರೆದುಕೊಡುವ ಮೊದಲು ಯಾವ ಭಾಗ ಹೇಗೆ ತಯಾರಾಯಿತೆಂದು ಲಿಖಿತವಾಗಿ ತಿಳಿಸಿ.

ಪೋರ್ಟ್‌ಫೋಲಿಯೊ, ಅರ್ಜಿ, ಮತ್ತು ಎಲ್ಲಿ ಕೈಕೊಟ್ಟಿತೆಂದು ಕಂಡುಹಿಡಿಯುವುದು

ಆರರಿಂದ ಎಂಟು ಕೆಲಸ ಸಾಕು. ಅತ್ಯುತ್ತಮವಾದದ್ದು ಮೊದಲು, ಎರಡನೆಯ ಅತ್ಯುತ್ತಮ ಕೊನೆಗೆ. ಒಂದಾದರೂ ಅಂದವಿಲ್ಲದ ಆದರೆ ಕಷ್ಟದ ಕೆಲಸ ಇರಲಿ: ನಮೂನೆ, ವೇಳಾಪಟ್ಟಿ, ದರಪಟ್ಟಿ. ಒಂದಾದರೂ ಮುದ್ರಿತ ಪ್ರತಿಯ ಫೋಟೊ ಇರಲಿ, ಮಾಕಪ್ ಅಲ್ಲ. ಪ್ರತಿಯೊಂದರ ಕೆಳಗೆ ನಾಲ್ಕು ಸಾಲು: ಯಾರಿಗಾಗಿ, ಇದ್ದ ಕಟ್ಟುಪಾಡು ಏನು, ಬಿಟ್ಟುಕೊಟ್ಟ ಆಯ್ಕೆ ಯಾವುದು, ಏಕೆ. ಪಿಡಿಎಫ್ 10 ಎಂಬಿ ಒಳಗಿರಲಿ. ಪ್ರಸಿದ್ಧ ಬ್ರ್ಯಾಂಡಿನ ಲೋಗೊ ಮರುವಿನ್ಯಾಸ ಬೇಡ, ಅಲ್ಲಿನ ನಿಜವಾದ ಕಟ್ಟುಪಾಡುಗಳು ನಿಮಗೆ ಗೊತ್ತಿಲ್ಲವೆಂದು ನೋಡುವವರಿಗೆ ಗೊತ್ತು. ಸಿವಿಯಲ್ಲಿ ‘ಫೋಟೊಶಾಪ್ ಶೇ 85’ ಎಂಬ ಪಟ್ಟಿಗಳಿಗೆ ಅರ್ಥವೇ ಇಲ್ಲ. ಅದರಲ್ಲೂ ಡಿಸೈನರ್‌ನ ಸಿವಿಯಲ್ಲೇ ಅಂಚು ತಪ್ಪಿದ್ದರೆ ಮುಂದೆ ಓದುವವರಿಲ್ಲ.

ಸಂಬಳದ ಕೆಲಸ ಸಿಗುವವರೆಗೆ ಸ್ವತಂತ್ರವಾಗಿ ದುಡಿಯುವುದಾದರೆ ತಿದ್ದುಪಡಿಯ ಸುತ್ತುಗಳ ಮಿತಿ, ಅರ್ಧದಷ್ಟು ಮುಂಗಡ, ಮೂಲ ಫೈಲ್ ಕೊಡಲಾಗುತ್ತದೆಯೇ ಇಲ್ಲವೇ, ಫಾಂಟಿನ ಲೈಸೆನ್ಸ್ ಖರ್ಚು ಯಾರದು, ಈ ನಾಲ್ಕನ್ನು ಶುರುವಿಗೇ ಬರೆದುಕೊಳ್ಳಿ. ಗಂಟೆಯ ದರ ಹಾಕುವಾಗ ದುಡಿಯುವ ಗಂಟೆಗಳಲ್ಲಿ ಸುಮಾರು ಅರ್ಧಕ್ಕೆ ಮಾತ್ರ ಬಿಲ್ ಮಾಡಲಾಗುತ್ತದೆ ಎಂದುಕೊಂಡೇ ಹಾಕಿ. ಗೆದ್ದವರಿಗೆ ಮಾತ್ರ ಹಣ ಕೊಡುವ ಲೋಗೊ ಸ್ಪರ್ಧೆಗಳ ಹತ್ತಿರ ಸುಳಿಯಬೇಡಿ.

ಅರ್ಜಿಗಳನ್ನು 30ರ ಕಂತಿನಲ್ಲಿ ಕಳಿಸಿ, ಪ್ರತಿಯೊಂದರ ಫಲಿತಾಂಶ ಅದೇ ಸ್ಪ್ರೆಡ್‌ಶೀಟಿನಲ್ಲಿ ದಾಖಲಿಸಿ. 30ಕ್ಕೆ ಒಂದೂ ಕರೆ ಬಾರದಿದ್ದರೆ ದೋಷ ಪೋರ್ಟ್‌ಫೋಲಿಯೊದ ಮೊದಲ ಕೆಲಸದಲ್ಲಿದೆ, ಅಥವಾ ನಿಮ್ಮ ಮಟ್ಟಕ್ಕೆ ಹೊಂದದ ಹುದ್ದೆಗೆ ಹಾಕುತ್ತಿದ್ದೀರಿ. ಅದನ್ನು ಬದಲಿಸದೆ ಇನ್ನೂ 30 ಕಳಿಸುವುದು ವ್ಯರ್ಥ. ಕರೆ ಬಂದು ಸಂದರ್ಶನದಲ್ಲಿ ನಿಂತುಹೋದರೆ ಕೆಲಸದ ಗುಣಮಟ್ಟ ಸಾಕು, ವಿವರಿಸುವುದು ಸಾಲದು: ಪ್ರತಿ ಕೆಲಸವನ್ನು ಎರಡು ನಿಮಿಷದಲ್ಲಿ ಬಾಯಿಬಿಟ್ಟು ಹೇಳಿ ರೆಕಾರ್ಡ್ ಮಾಡಿ ಕೇಳಿಕೊಳ್ಳಿ. ಪರೀಕ್ಷಾ ಕೆಲಸದಲ್ಲಿ ಬಿದ್ದರೆ ಬಹುಮಟ್ಟಿಗೆ ಅದು ವೇಗದ ಕೊರತೆ. ಸ್ಟೈಲ್, ಮಾಸ್ಟರ್ ಪುಟ, ಶಾರ್ಟ್‌ಕಟ್ ಬಳಸದೆ ಎಲ್ಲವನ್ನೂ ಕೈಯಲ್ಲೇ ಜರುಗಿಸುವವರು ಗಡುವು ಮುಟ್ಟುವುದಿಲ್ಲ. ಮೂರು ಕಂತು, ಮೂರು ಸಲ ನಿಜವಾದ ತಿದ್ದುಪಡಿ ಮಾಡಿದ ಮೇಲೂ ಏನೂ ಕದಲದಿದ್ದರೆ ‘ಗ್ರಾಫಿಕ್ ಡಿಸೈನರ್’ ಎಂಬ ಹೆಸರಿನ ಹುದ್ದೆ ಬಿಟ್ಟು ಪ್ರಿಪ್ರೆಸ್, ಪ್ರಕಾಶನ ಸಂಸ್ಥೆಯ ಪುಟವಿನ್ಯಾಸ, ಕಂಪನಿಯ ಮಾರ್ಕೆಟಿಂಗ್ ವಿಭಾಗ ಇವುಗಳ ಬಾಗಿಲು ತಟ್ಟಿ. ಒಂದು ವರ್ಷ ಮುದ್ರಣಾಲಯದ ಪ್ರಿಪ್ರೆಸ್ ಮೇಜಿನಲ್ಲಿ ಕೂತು ಬೇರೆಯವರ ತಪ್ಪು ಫೈಲುಗಳನ್ನು ಸರಿಪಡಿಸಿದವರ ಅರ್ಜಿ ಮುಂದಿನ ಸಲ ಅಷ್ಟು ಸುಲಭಕ್ಕೆ ಬದಿಗೆ ಸರಿಯುವುದಿಲ್ಲ.